ಕೂಸು ಹಾಲು ಕಕ್ಕುತ್ತಿದೆ: ಶಿಶು ಮತ್ತು ಎಳೆಯ ಮಕ್ಕಳ ಆಸಿಡ್ ರಿಫ್ಲಕ್ಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಲು ಕುಡಿದು ಕಕ್ಕುವ ಕೂಸುಗಳಲ್ಲಿ ಹೆಚ್ಚಿನವಕ್ಕೆ ಔಷಧ ಬೇಕಿಲ್ಲ. ಕೆಲವಕ್ಕೆ ಬೇಕು. ತೀರಾ ಕೆಲವನ್ನು ಅದೇ ದಿನ, ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಒಯ್ಯಬೇಕು. ನಿಮ್ಮ ಮಗು ಈ ಮೂರರಲ್ಲಿ ಎಲ್ಲಿದೆ ಎಂದು ತಿಳಿಯಲು ಈ ಪುಟ. ಈಗಲೇ ಗಾಬರಿಯಲ್ಲಿದ್ದರೆ ನಾಲ್ಕನೆಯ ಪ್ರಶ್ನೆಯನ್ನು ಮೊದಲು ಓದಿ.

1. ಕಕ್ಕುವುದು, ವಾಂತಿ, ರಿಫ್ಲಕ್ಸ್ ಎಲ್ಲವೂ ಒಂದೇ ಅಲ್ಲವೇ?

ಅಲ್ಲ. ಜಠರದಲ್ಲಿರುವುದು ಹಿಮ್ಮುಖವಾಗಿ ಅನ್ನನಾಳಕ್ಕೆ ಏರಿದರೆ ಅದು ರಿಫ್ಲಕ್ಸ್. ಏರಿದ್ದು ಬಾಯಿಯವರೆಗೆ ಬಂದು ಕಟವಾಯಿಯಿಂದ ಸಲೀಸಾಗಿ ಇಳಿದರೆ ಕಕ್ಕುವುದು. ವಾಂತಿಯಲ್ಲಿ ಹೊಟ್ಟೆಯ ಸ್ನಾಯುಗಳು ಹಿಂಡುತ್ತವೆ, ಮಗು ಮುಖ ಕಿವುಚಿ ಓಕರಿಸುತ್ತದೆ, ಹೊರಬಿದ್ದದ್ದು ದೂರಕ್ಕೆ ಚಿಮ್ಮುತ್ತದೆ. ವೈದ್ಯರು "ಎಷ್ಟು ಸಲ ವಾಂತಿ?" ಎಂದು ಕೇಳಿದಾಗ ಈ ವ್ಯತ್ಯಾಸ ಮುಖ್ಯ. ದಿನಕ್ಕೆ ಹತ್ತು ಸಲ ಕಕ್ಕುವ ಕೂಸಿಗೂ ಹತ್ತು ಸಲ ವಾಂತಿ ಮಾಡುವ ಕೂಸಿಗೂ ಮಾಡಬೇಕಾದದ್ದು ಬೇರೆಬೇರೆ.

ಇನ್ನೊಂದು ಹೆಸರು ಜಿಇಆರ್‌ಡಿ. ರಿಫ್ಲಕ್ಸ್‌ನಿಂದ ಏನಾದರೂ ಕೆಟ್ಟಾಗ ಮಾತ್ರ ಈ ಹೆಸರು: ತೂಕ ಏರುವುದು ನಿಂತಿದೆ, ಅನ್ನನಾಳದ ಒಳಪದರ ಸುಟ್ಟು ಗಾಯವಾಗಿದೆ, ಹಾಲು ಶ್ವಾಸಕೋಶಕ್ಕೆ ಸೇರುತ್ತಿದೆ, ನೋವಿಗೆ ಹೆದರಿ ಮಗು ಹಾಲನ್ನೇ ಬೇಡವೆನ್ನುತ್ತಿದೆ. ಬರೀ ಬಟ್ಟೆ ಒದ್ದೆಯಾಗುವುದು ಜಿಇಆರ್‌ಡಿ ಅಲ್ಲ.

2. ಎಳೆಗೂಸುಗಳಿಗೇ ಯಾಕೆ ಇಷ್ಟು?

ಅನ್ನನಾಳ ಜಠರವನ್ನು ಸೇರುವಲ್ಲಿ ಸ್ನಾಯುವಿನ ಒಂದು ಉಂಗುರವಿದೆ. ನುಂಗುವಾಗ ಸಡಿಲವಾಗಿ, ಉಳಿದ ಹೊತ್ತು ಬಿಗಿಯಾಗಿರುವುದು ಅದರ ಕೆಲಸ. ನುಂಗದಿರುವಾಗಲೂ ಅದು ಆಗಾಗ ಕೆಲವು ಸೆಕೆಂಡು ತಾನಾಗಿ ಸಡಿಲುತ್ತದೆ. ದೊಡ್ಡವರಲ್ಲಿ ಹೀಗೆ ಸಡಿಲಿದಾಗ ತೇಗು ಬರುತ್ತದೆ. ಕೂಸಿನಲ್ಲಿ ಗಾಳಿಯ ಜೊತೆ ಹಾಲೂ ಬರುತ್ತದೆ. ಉಂಗುರ "ದುರ್ಬಲ"ವಾಗಿದೆ ಎಂಬ ಮಾತು ಪೂರ್ತಿ ಸರಿಯಲ್ಲ. ಅದು ತಪ್ಪು ಹೊತ್ತಿನಲ್ಲಿ ಸಡಿಲುತ್ತದೆ, ಅಷ್ಟೇ.

ಇದಕ್ಕೆ ಲೆಕ್ಕಾಚಾರವೂ ಸೇರುತ್ತದೆ. ಶಿಶು ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ ಸುಮಾರು 150 ಮಿ.ಲೀ. ಕುಡಿಯುತ್ತದೆ. 60 ಕೆ.ಜಿ.ಯ ದೊಡ್ಡವರು ಹಾಗೆ ಕುಡಿಯಬೇಕಾದರೆ ದಿನಕ್ಕೆ 9 ಲೀಟರ್ ಹಾಲು ಬೇಕು. ಅಷ್ಟು ಕುಡಿದು ಇಡೀ ದಿನ ಅಂಗಾತ ಮಲಗಿದರೆ ಯಾರು ತಾನೇ ಕಕ್ಕುವುದಿಲ್ಲ?

3. ಇದು ಎಷ್ಟು ತಿಂಗಳು ಇರುತ್ತದೆ?

ಸಾಮಾನ್ಯವಾಗಿ ಹುಟ್ಟಿದ ಎಂಟು ವಾರಗಳೊಳಗೆ ಶುರುವಾಗಿ, ನಾಲ್ಕನೆಯ ತಿಂಗಳ ಹೊತ್ತಿಗೆ ತುದಿ ಮುಟ್ಟುತ್ತದೆ. ಆ ವಯಸ್ಸಿನಲ್ಲಿ ಮೂರರಲ್ಲಿ ಎರಡು ಪಾಲು ಶಿಶುಗಳು ದಿನಕ್ಕೆ ಒಮ್ಮೆಯಾದರೂ ಕಕ್ಕುತ್ತವೆ. ಆರೇಳು ತಿಂಗಳಿಂದ ಇಳಿಯುತ್ತ ಹೋಗಿ, ವರ್ಷ ತುಂಬುವಷ್ಟರಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ನಿಂತಿರುತ್ತದೆ. ಇಳಿಕೆ ಒಂದೇ ಸಮನೆ ಇರುವುದಿಲ್ಲ. ಒಂದು ವಾರ ನಿಂತು, ನೆಗಡಿ ಬಂದಾಗಲೋ ಹೊಟ್ಟೆಯ ಮೇಲೆ ತೆವಳಲು ಶುರುಮಾಡಿದಾಗಲೋ ಮತ್ತೆ ಹೆಚ್ಚಬಹುದು.

ಆರು ತಿಂಗಳ ನಂತರ ಮೊದಲ ಬಾರಿಗೆ ಶುರುವಾದರೆ, ಅಥವಾ ಒಂದು ವರ್ಷ ಕಳೆದ ಮೇಲೂ ನಿಲ್ಲದಿದ್ದರೆ ಅದು ಈ ದಾರಿಯದ್ದಲ್ಲ. ಕಾರಣ ಹುಡುಕಬೇಕು.

4. ಯಾವಾಗ ಆಸ್ಪತ್ರೆಗೆ ಓಡಬೇಕು?

ವಾಂತಿ ಹಸಿರು ಬಣ್ಣದ್ದಾಗಿದ್ದರೆ ಕಾಯಬೇಡಿ. ಹಸಿರು ಎಂದರೆ ಪಿತ್ತ, ಪಿತ್ತ ಬಂತೆಂದರೆ ಕರುಳು ತಿರುಚಿಕೊಂಡಿರುವ ಸಾಧ್ಯತೆ ಇದೆ. ಹಾಗಾಗಿದ್ದರೆ ಕರುಳಿಗೆ ರಕ್ತ ನಿಲ್ಲುತ್ತದೆ, ಉಳಿಸಿಕೊಳ್ಳಲು ಇರುವುದು ಕೆಲವೇ ಗಂಟೆ. ಬಟ್ಟೆಯ ಮೇಲಿನ ಕಲೆಯನ್ನು ತೊಳೆಯದೆ ಹಾಗೇ ಒಯ್ಯಿರಿ.

ಎರಡರಿಂದ ಎಂಟು ವಾರದ ಕೂಸು ಪ್ರತಿ ಸಲ ಕುಡಿದ ಮೇಲೂ ಚಿಮ್ಮುವಂತೆ ವಾಂತಿ ಮಾಡಿ, ಮಾಡಿದ ತಕ್ಷಣ ಮತ್ತೆ ಹಸಿವಿನಿಂದ ಬಾಯಿ ಹಾಕುತ್ತಿದ್ದರೆ ಜಠರದ ಹೊರಬಾಗಿಲ ಸ್ನಾಯು ದಪ್ಪಗಾಗಿರಬಹುದು. ಗಂಡುಮಕ್ಕಳಲ್ಲಿ ಇದು ಹೆಚ್ಚು. ಅಲ್ಟ್ರಾಸೌಂಡ್‌ನಲ್ಲಿ ಕಾಣುತ್ತದೆ, ಶಸ್ತ್ರಚಿಕಿತ್ಸೆಯಿಂದ ಪೂರ್ತಿ ವಾಸಿಯಾಗುತ್ತದೆ. "ರಿಫ್ಲಕ್ಸ್ ಇರಬೇಕು, ನೋಡೋಣ" ಎಂದು ವಾರ ಕಳೆಯುವಷ್ಟರಲ್ಲಿ ಮಗು ಬತ್ತಿಹೋಗುತ್ತದೆ.

ಅದೇ ದಿನ ತೋರಿಸಬೇಕಾದ ಇತರ ಲಕ್ಷಣಗಳು: ವಾಂತಿಯಲ್ಲಿ ಕೆಂಪು ರಕ್ತ ಅಥವಾ ಕಾಫಿಪುಡಿಯಂಥ ಕಪ್ಪು ಚೂರು, ಮಲದಲ್ಲಿ ರಕ್ತ, ಹೊಟ್ಟೆ ಉಬ್ಬಿ ಗಟ್ಟಿಯಾಗಿರುವುದು, ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿನ ಜ್ವರ, ಎಬ್ಬಿಸಿದರೂ ಸರಿಯಾಗಿ ಏಳದ ಮಂಕು, ನೆತ್ತಿಯ ಮೆತ್ತನೆಯ ಭಾಗ ಉಬ್ಬಿರುವುದು, ಸೆಳವು, ಎಂಟು ಗಂಟೆಯಿಂದ ಮೂತ್ರವಿಲ್ಲ. ಎದೆಹಾಲುಣಿಸುವ ತಾಯಿಯ ಮೊಲೆತೊಟ್ಟು ಬಿರಿದಿದ್ದರೆ ಕೂಸು ನುಂಗಿದ ಆ ರಕ್ತವೇ ಹೊರಬರುವುದುಂಟು. ಆದರೆ ಅದನ್ನು ವೈದ್ಯರು ನೋಡಿ ಹೇಳಲಿ.

5. ಒಂದು ಸಲಕ್ಕೆ ಕುಡಿದದ್ದೆಲ್ಲ ಹೋಯಿತೇನೋ ಅನ್ನಿಸುತ್ತದೆ. ಅಳೆಯುವುದು ಹೇಗೆ?

ಬಟ್ಟೆ ಸುಳ್ಳು ಹೇಳುತ್ತದೆ. ಒಂದು ಚಮಚ, ಅಂದರೆ 5 ಮಿ.ಲೀ. ಹಾಲನ್ನು ಒಣ ಬಟ್ಟೆಯ ಮೇಲೆ ಸುರಿದು ನೋಡಿ. ಪಕ್ಕದಲ್ಲಿ 30 ಮಿ.ಲೀ. ಸುರಿಯಿರಿ. ಆಮೇಲೆ ಕೂಸು ಕಕ್ಕಿದ ಕಲೆಯನ್ನು ಇವೆರಡರ ಜೊತೆ ಹೋಲಿಸಿ. ಹೆಚ್ಚಿನ ಸಲ ಅದು ಒಂದೆರಡು ಚಮಚದ ಕಲೆಯೇ ಆಗಿರುತ್ತದೆ.

ನಂಬಬೇಕಾದದ್ದು ತಕ್ಕಡಿಯನ್ನು. ಹುಟ್ಟಿದ ತೂಕಕ್ಕೆ ಎರಡು ವಾರದೊಳಗೆ ಮರಳಿ, ಮೊದಲ ಮೂರು ತಿಂಗಳು ದಿನಕ್ಕೆ ಸರಾಸರಿ 20ರಿಂದ 30 ಗ್ರಾಂ, ಮುಂದಿನ ಮೂರು ತಿಂಗಳು 15ರಿಂದ 20 ಗ್ರಾಂ ಏರುತ್ತಿದ್ದರೆ, ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಮೂತ್ರ ಮಾಡುತ್ತಿದ್ದರೆ, ಕಕ್ಕುವುದು ತೊಳೆಯುವವರ ಸಮಸ್ಯೆಯೇ ಹೊರತು ಮಗುವಿನದಲ್ಲ. ಒಂದೇ ತಕ್ಕಡಿಯಲ್ಲಿ, ಬಟ್ಟೆ ಬಿಚ್ಚಿ, ವಾರಕ್ಕೊಮ್ಮೆ ತೂಗಿ. ದಿನಾ ತೂಗುವುದರಿಂದ ಗೊಂದಲ ಹೆಚ್ಚುತ್ತದೆ. ಒಂದು ಸಲದ ಹಾಲು, ಒಂದು ಸಲದ ಮೂತ್ರವೇ ದಿನದ ಏರಿಕೆಯನ್ನು ಮುಚ್ಚಿಹಾಕಬಲ್ಲದು.

6. ಮನೆಯಲ್ಲಿ ಮೊದಲು ಏನು ಬದಲಿಸಬೇಕು?

ಪ್ರಮಾಣ. ಬಾಟಲಿಯಲ್ಲಿ ಕುಡಿಯುವ ಕೂಸುಗಳಲ್ಲಿ ಅತಿಯಾದ ಹಾಲೇ ಅತಿ ಸಾಮಾನ್ಯ ಕಾರಣ. ಔಷಧದ ಚೀಟಿಗಿಂತ ಮೊದಲು ಈ ಲೆಕ್ಕ ಹಾಕಿ: ತೂಕ 5 ಕೆ.ಜಿ. ಇದ್ದರೆ ದಿನಕ್ಕೆ 5 × 150 = 750 ಮಿ.ಲೀ. ದಿನಕ್ಕೆ ಆರು ಸಲ ಕೊಡುತ್ತಿದ್ದರೆ ಒಂದು ಸಲಕ್ಕೆ 125, ಎಂಟು ಸಲವಾದರೆ ಸುಮಾರು 95 ಮಿ.ಲೀ. ಅದೇ ಕೂಸು 180 ಮಿ.ಲೀ. ಬಾಟಲಿಯನ್ನು ಆರು ಸಲ ಖಾಲಿ ಮಾಡುತ್ತಿದ್ದರೆ ಅದು 1,080 ಮಿ.ಲೀ. ಆಯಿತು. ಹೆಚ್ಚಾದ 330 ಮಿ.ಲೀ. ಎಲ್ಲಿಗೆ ಹೋಗಬೇಕು? ಬಟ್ಟೆಯ ಮೇಲೆ.

ಒಟ್ಟು ಪ್ರಮಾಣ ಸರಿಯಿದ್ದರೆ ಅದನ್ನು ಕಡಿಮೆ ಮಾಡಬೇಡಿ, ಹಂಚಿ ಕೊಡಿ. ನಾಲ್ಕು ಗಂಟೆಯ ಅಂತರವನ್ನು ಮೂರಕ್ಕೆ ಇಳಿಸಿ. ಎರಡು ಗಂಟೆಗಿಂತ ಕೆಳಗೆ ಹೋಗುವುದರಲ್ಲಿ ಅರ್ಥವಿಲ್ಲ. ಹಿಂದಿನ ಹಾಲು ಇಳಿಯುವ ಮೊದಲೇ ಮುಂದಿನದು ಸೇರುತ್ತದೆ, ಮನೆಯವರೂ ಸುಸ್ತಾಗುತ್ತಾರೆ.

ಆಮೇಲೆ ಬಾಟಲಿಯ ನಿಪ್ಪಲ್ ನೋಡಿ. ತಲೆಕೆಳಗು ಹಿಡಿದರೆ ಸೆಕೆಂಡಿಗೆ ಸುಮಾರು ಒಂದು ಹನಿ ಬೀಳಬೇಕು. ಧಾರೆಯಾಗಿ ಸುರಿದರೆ ತೂತು ದೊಡ್ಡದು, ಕೂಸು ಗಟಗಟ ನುಂಗಿ ಗಾಳಿಯನ್ನೂ ಸೇರಿಸಿಕೊಳ್ಳುತ್ತದೆ. ತೀರಾ ಚಿಕ್ಕದಾದರೂ ತೊಂದರೆಯೇ, ಎಳೆದೆಳೆದು ಗಾಳಿ ನುಂಗುತ್ತದೆ. ನಿಪ್ಪಲ್ಲಿನಲ್ಲಿ ಹಾಲು ತುಂಬಿರುವಷ್ಟೇ ಬಾಟಲಿಯನ್ನು ಓರೆ ಮಾಡಿ. ಕೂಸು ತಲೆ ತಿರುಗಿಸಿದರೆ, ತುಟಿ ಮುಚ್ಚಿದರೆ, ಕೈ ಸಡಿಲ ಬಿಟ್ಟರೆ ಹೊಟ್ಟೆ ತುಂಬಿತೆಂದು ಅರ್ಥ. ಉಳಿದ 20 ಮಿ.ಲೀ. ಹಾಳಾಗುತ್ತದೆಂದು ಕುಡಿಸಬೇಡಿ.

ಫಾರ್ಮುಲಾ ಪುಡಿಯನ್ನು ಡಬ್ಬಿಯಲ್ಲಿರುವ ಚಮಚದಿಂದಲೇ, ಕುಟ್ಟದೆ, ಮಟ್ಟಮಾಡಿ ಅಳೆಯಿರಿ. "ಗಟ್ಟಿಯಾದರೆ ಕಕ್ಕುವುದಿಲ್ಲ" ಎಂದು ಪುಡಿ ಹೆಚ್ಚಿಸಿದರೆ ಜಠರ ಖಾಲಿಯಾಗುವುದೇ ನಿಧಾನವಾಗುತ್ತದೆ, ಮೂತ್ರಪಿಂಡದ ಮೇಲೂ ಹೊರೆ. "ತೆಳ್ಳಗಾದರೆ ಜೀರ್ಣವಾಗುತ್ತದೆ" ಎಂದು ನೀರು ಹೆಚ್ಚಿಸಿದರೆ ರಕ್ತದ ಸೋಡಿಯಂ ಕುಸಿದು ಸೆಳವು ಬರಬಹುದು.

7. ಎದೆಹಾಲು ನಿಲ್ಲಿಸಿ ಫಾರ್ಮುಲಾಗೆ ಹೋಗಲೇ?

ಬೇಡ. ಎದೆಹಾಲು ಜಠರದಿಂದ ಬೇಗ ಇಳಿಯುತ್ತದೆ. ರಿಫ್ಲಕ್ಸ್ ಇರುವ ಕೂಸಿಗೆ ಅದೇ ಅನುಕೂಲ.

ಹಾಲು ರಭಸವಾಗಿ ಬಂದು ಕೂಸು ಕೆಮ್ಮುತ್ತಿದ್ದರೆ, ಕಚ್ಚಿ ಬಿಟ್ಟು ಮಾಡುತ್ತಿದ್ದರೆ, ತಾಯಿ ಹಿಂದಕ್ಕೆ ಒರಗಿ ಕೂಸನ್ನು ತನ್ನ ಮೇಲೆ ಬೋರಲಾಗಿ ಇಟ್ಟುಕೊಂಡು ಕುಡಿಸಲಿ. ಆಗ ಹಾಲು ಮೇಲ್ಮುಖವಾಗಿ ಹರಿಯಬೇಕಾಗಿ ವೇಗ ತಗ್ಗುತ್ತದೆ. ಮೊದಲ ರಭಸವನ್ನು ಬಟ್ಟೆಗೆ ಹರಿಯಬಿಟ್ಟು ಆಮೇಲೆ ಕಚ್ಚಿಸುವುದೂ ಒಂದು ದಾರಿ. ಕಚ್ಚುವಾಗ ಟಕ್ ಟಕ್ ಸದ್ದು ಬರುತ್ತಿದ್ದರೆ ಹಿಡಿತ ಸರಿಯಿಲ್ಲ, ಗಾಳಿ ಹೋಗುತ್ತಿದೆ ಎಂದು ಅರ್ಥ. ಸ್ತನ್ಯಪಾನದ ಬಗ್ಗೆ ತಿಳಿದ ನರ್ಸ್ ಒಬ್ಬರು ಪಕ್ಕದಲ್ಲಿ ಕೂತು ಒಂದು ಸಲ ನೋಡಿದರೆ ಸರಿಹೋಗುವ ವಿಷಯ.

8. ತೇಗಿಸುವುದರಿಂದ ಪ್ರಯೋಜನ ಇದೆಯೇ?

ಸ್ವಲ್ಪ. ಬಾಟಲಿಯಾದರೆ ಪ್ರತಿ 30ರಿಂದ 60 ಮಿ.ಲೀ.ಗೆ, ಎದೆಹಾಲಾದರೆ ಒಂದು ಬದಿ ಮುಗಿದಾಗ ನೆಟ್ಟಗೆ ಹಿಡಿದು ಬೆನ್ನು ಸವರಿ. ಐದು ನಿಮಿಷದಲ್ಲಿ ತೇಗು ಬಾರದಿದ್ದರೆ ಬಿಟ್ಟುಬಿಡಿ. ಜೋರಾಗಿ ತಟ್ಟುತ್ತ ಕೂರುವುದರಿಂದ ಕಕ್ಕುವುದೇ ಹೆಚ್ಚಾಗಬಹುದು.

9. ಕುಡಿದ ಮೇಲೆ ಹೇಗೆ ಇಟ್ಟುಕೊಳ್ಳಬೇಕು?

20ರಿಂದ 30 ನಿಮಿಷ ನೆಟ್ಟಗೆ, ನಿಮ್ಮ ಎದೆಗೊರಗಿಸಿ. ಕಾರ್ ಸೀಟ್ ಅಥವಾ ಓರೆ ಕುರ್ಚಿಯಲ್ಲಿ ಕೂರಿಸುವುದು ಇದಕ್ಕೆ ಬದಲಿಯಲ್ಲ. ಅಲ್ಲಿ ಕೂಸು ಸೊಂಟದಲ್ಲಿ ಮಡಚಿ ಕುಸಿಯುತ್ತದೆ, ಹೊಟ್ಟೆ ಒತ್ತಿಕೊಳ್ಳುತ್ತದೆ, ರಿಫ್ಲಕ್ಸ್ ಹೆಚ್ಚುತ್ತದೆ. ಡೈಪರ್ ಅಥವಾ ಸೊಂಟದ ಪಟ್ಟಿ ಬಿಗಿಯಾಗಿದ್ದರೂ ಅದೇ ಪರಿಣಾಮ. ಡೈಪರ್ ಬದಲಿಸುವುದನ್ನು ಹಾಲಿಗೆ ಮೊದಲೇ ಮುಗಿಸಿ. ಕುಡಿದ ಕೂಡಲೇ ಕಾಲೆತ್ತಿ ಹೊಟ್ಟೆಗೆ ಒತ್ತಿದರೆ ಏನಾಗುತ್ತದೆಂದು ನಿಮಗೆ ಈಗಾಗಲೇ ಗೊತ್ತಿರಬೇಕು.

10. ಅಂಗಾತ ಮಲಗಿಸಿದರೆ ಕಕ್ಕಿದ್ದು ಗಂಟಲಿಗೆ ಸಿಕ್ಕಿಕೊಳ್ಳುವುದಿಲ್ಲವೇ? ಬೋರಲು ಮಲಗಿಸಬಹುದೇ?

ಬೋರಲು ಬೇಡ, ಮಗ್ಗುಲೂ ಬೇಡ. ಒಂದು ವರ್ಷದವರೆಗೆ ಅಂಗಾತ, ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ, ದಿಂಬಿಲ್ಲದೆ. ರಿಫ್ಲಕ್ಸ್ ಇದ್ದರೂ ಇದೇ ನಿಯಮ.

ಗಂಟಲಿಗೆ ಸಿಕ್ಕಿಕೊಳ್ಳುವ ಭಯ ಸಹಜ. ಆದರೆ ಗಂಟಲಿನ ರಚನೆ ಈ ಭಯಕ್ಕೆ ವಿರುದ್ಧವಾಗಿದೆ. ಅಂಗಾತ ಮಲಗಿದಾಗ ಶ್ವಾಸನಾಳ ಮೇಲೆ, ಅನ್ನನಾಳ ಅದರ ಕೆಳಗೆ ಇರುತ್ತದೆ. ಕಕ್ಕಿದ್ದು ಶ್ವಾಸನಾಳ ಸೇರಬೇಕಾದರೆ ಮೇಲಕ್ಕೆ ಹತ್ತಬೇಕು. ಬೋರಲು ಮಲಗಿಸಿದರೆ ಶ್ವಾಸನಾಳ ಕೆಳಗಾಗುತ್ತದೆ, ಅನ್ನನಾಳದಿಂದ ಬಂದದ್ದು ಅದರ ಬಾಯಿಗೇ ಇಳಿಯುತ್ತದೆ. ಬೋರಲು ಮಲಗಿದಾಗ ರಿಫ್ಲಕ್ಸ್ ಎಣಿಕೆ ಕಡಿಮೆಯಾಗುವುದು ನಿಜ. ಆದರೆ ನಿದ್ರೆಯಲ್ಲಿ ಹಠಾತ್ ಶಿಶುಮರಣದ ಅಪಾಯ ಎಷ್ಟೋ ಪಟ್ಟು ಹೆಚ್ಚುತ್ತದೆ. ಕೂಸು ಎಚ್ಚರವಿದ್ದು ನೀವು ಕಣ್ಣಿಟ್ಟು ಕೂತಿರುವಾಗ ಬೋರಲೋ ಎಡಮಗ್ಗುಲೋ ಮಲಗಿಸಬಹುದು.

ತೊಟ್ಟಿಲಿನ ತಲೆಯ ಭಾಗ ಎತ್ತರಿಸುವುದು ಹಳೆಯ ಸಲಹೆ. ಶಿಶುಗಳಲ್ಲಿ ಅದರಿಂದ ಲಾಭವಿಲ್ಲ. ಕೂಸು ಜಾರಿ ಕೆಳತುದಿಗೆ ಬರುತ್ತದೆ, ಗಲ್ಲ ಎದೆಗೆ ಒತ್ತಿ ಉಸಿರ ದಾರಿ ಮಡಚಿಕೊಳ್ಳುತ್ತದೆ. "ರಿಫ್ಲಕ್ಸ್ ದಿಂಬು", ಓರೆ ಹಾಸಿಗೆಗಳೂ ಹೀಗೇ. ಅಮೆರಿಕದಲ್ಲಿ 10 ಡಿಗ್ರಿಗಿಂತ ಹೆಚ್ಚು ಓರೆಯಿರುವ ಶಿಶು ಹಾಸಿಗೆಗಳನ್ನು 2022ರ ಕಾನೂನು ನಿಷೇಧಿಸಿದೆ, ಶಿಶುಗಳು ಸತ್ತ ಮೇಲೆ.

11. ಹಾಲನ್ನು ಗಟ್ಟಿ ಮಾಡಿ ಕೊಡಬಹುದೇ?

ಪ್ರಮಾಣ ಸರಿಪಡಿಸಿ, ಹಂಚಿ ಕೊಟ್ಟು, ಒಂದೆರಡು ವಾರ ಕಾದ ಮೇಲೂ ತೊಂದರೆ ಇದ್ದರೆ, ವೈದ್ಯರನ್ನು ಕೇಳಿ ಮಾಡಬಹುದು. ಕಕ್ಕುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ. ಆಮ್ಲ ಏರುವುದು ಮಾತ್ರ ಅಷ್ಟಾಗಿ ತಗ್ಗುವುದಿಲ್ಲ, ಬಾಯಿಯವರೆಗೆ ಬರುವುದು ನಿಲ್ಲುತ್ತದೆ ಅಷ್ಟೇ.

ತಪ್ಪುಗಳು ಆಗುವುದು ವಿವರಗಳಲ್ಲಿ. ಧಾನ್ಯದ ಪುಡಿಯಾದರೆ 30ರಿಂದ 60 ಮಿ.ಲೀ. ಫಾರ್ಮುಲಾಗೆ 1 ಸಣ್ಣ ಚಮಚದಿಂದ ಶುರುಮಾಡುವುದು ರೂಢಿ. 30 ಮಿ.ಲೀ.ಗೆ ಒಂದು ದೊಡ್ಡ ಚಮಚ ಅಕ್ಕಿಪುಡಿ ಹಾಕಿದರೆ ಅದರ 20 ಕ್ಯಾಲೊರಿ 34ಕ್ಕೆ ಏರುತ್ತದೆ, ಕೂಸು ಅನಗತ್ಯವಾಗಿ ಊದುತ್ತದೆ, ಮಲಬದ್ಧತೆಯೂ ಬರುತ್ತದೆ. ಅಕ್ಕಿಯಲ್ಲಿ ಆರ್ಸೆನಿಕ್ ಅಂಶ ಇರುವುದರಿಂದ ಈಗ ಓಟ್ಸ್‌ಗೆ ಹೆಚ್ಚು ಒಲವು. ಗಟ್ಟಿ ಹಾಲು ಇಳಿಯಲೆಂದು ನಿಪ್ಪಲ್ಲನ್ನು ಬ್ಲೇಡಿನಿಂದ ಕೊಯ್ಯಬೇಡಿ. ಹರಿವು ಒಮ್ಮೊಮ್ಮೆ ಹೆಚ್ಚು ಒಮ್ಮೊಮ್ಮೆ ಕಡಿಮೆಯಾಗಿ ಕೂಸಿಗೆ ಉಸಿರುಕಟ್ಟುತ್ತದೆ. ದಪ್ಪ ಹಾಲಿಗೆಂದೇ ಮಾಡಿದ ನಿಪ್ಪಲ್ ಕೊಳ್ಳಿ.

ಎದೆಹಾಲನ್ನು ಧಾನ್ಯದ ಪುಡಿಯಿಂದ ಗಟ್ಟಿ ಮಾಡಲು ಆಗುವುದೇ ಇಲ್ಲ. ಅದರಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಕೆಲವೇ ನಿಮಿಷಗಳಲ್ಲಿ ಕರಗಿಸಿಬಿಡುತ್ತದೆ. ಜಾಂಥನ್ ಗಮ್ ಇರುವ ಗಟ್ಟಿಕಾರಕ ಅವಧಿಪೂರ್ವ ಶಿಶುಗಳಿಗೆ ಖಂಡಿತ ಬೇಡ. ಕರುಳು ಕೊಳೆಯುವ ಕಾಯಿಲೆಯ ಪ್ರಕರಣಗಳು ಕಂಡುಬಂದು 2011ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಕೊಟ್ಟಿತು. ಕಕ್ಕುವುದನ್ನು ತಡೆಯಲೆಂದೇ ತಯಾರಾದ ಫಾರ್ಮುಲಾಗಳಲ್ಲಿ ಕೆಲವು ಜಠರದ ಆಮ್ಲ ಸಿಕ್ಕಿದ ಮೇಲಷ್ಟೇ ಗಟ್ಟಿಯಾಗುತ್ತವೆ. ಜೊತೆಗೆ ಆಮ್ಲ ಇಳಿಸುವ ಔಷಧ ಕೊಟ್ಟರೆ ಅವು ಕೆಲಸ ಮಾಡುವುದಿಲ್ಲ.

12. ಫಾರ್ಮುಲಾ ಬದಲಿಸಿ ನೋಡಿದರೆ?

ಒಂದು ಡಬ್ಬಿಯಿಂದ ಇನ್ನೊಂದು ಡಬ್ಬಿಗೆ ಸುಮ್ಮನೆ ಹಾರುವುದರಿಂದ ಏನೂ ಆಗದು. ಆದರೆ ಹಸುವಿನ ಹಾಲಿನ ಪ್ರೋಟೀನ್ ಅಲರ್ಜಿ ರಿಫ್ಲಕ್ಸ್‌ನ ವೇಷದಲ್ಲಿ ಬರುತ್ತದೆ. ಕಕ್ಕುವುದರ ಜೊತೆಗೆ ಎಸ್ಜಿಮಾ (ಚರ್ಮ ಒಣಗಿ ಕೆಂಪಾಗಿ ತುರಿಸುವುದು), ಮಲದಲ್ಲಿ ಲೋಳೆ ಅಥವಾ ರಕ್ತದ ಎಳೆ, ತೀರದ ಭೇದಿ, ಕುಟುಂಬದಲ್ಲಿ ಅಲರ್ಜಿ ಇದ್ದರೆ ಅನುಮಾನಿಸಿ.

ಪರೀಕ್ಷೆ ಎಂದರೆ ಎರಡರಿಂದ ನಾಲ್ಕು ವಾರ ಆ ಪ್ರೋಟೀನನ್ನು ಪೂರ್ತಿ ತೆಗೆಯುವುದು. ಫಾರ್ಮುಲಾ ಕೂಸಿಗೆ ಪ್ರೋಟೀನನ್ನು ನುಣ್ಣಗೆ ಒಡೆದ ವಿಶೇಷ ಫಾರ್ಮುಲಾ. ಎದೆಹಾಲು ಕೂಸಿಗೆ ತಾಯಿಯ ಊಟದಿಂದ ಹಾಲು, ಮೊಸರು, ಬೆಣ್ಣೆ, ಚೀಸ್, ಹಾಲಿನ ಪುಡಿ ಸೇರಿದ ಬಿಸ್ಕತ್ತು, ಬ್ರೆಡ್ಡು ಎಲ್ಲ ಹೊರಗೆ, ಬದಲಿಗೆ ತಾಯಿಗೆ ಕ್ಯಾಲ್ಸಿಯಂ ಮಾತ್ರೆ. "ಸ್ವಲ್ಪ ಕಡಿಮೆ ಮಾಡಿದ್ದೇನೆ" ಎನ್ನುವುದು ಪರೀಕ್ಷೆಯಲ್ಲ. ಮೇಕೆಹಾಲು ಬದಲಿಯಲ್ಲ, ಪ್ರೋಟೀನ್ ಬಹುತೇಕ ಒಂದೇ ತರಹ. ಲ್ಯಾಕ್ಟೋಸ್ ಇಲ್ಲದ ಫಾರ್ಮುಲಾವೂ ಅಲ್ಲ, ಅದರಲ್ಲಿ ತೆಗೆದಿರುವುದು ಸಕ್ಕರೆಯನ್ನು.

ಸುಧಾರಿಸಿದರೆ ವೈದ್ಯರ ಸಲಹೆಯಂತೆ ಮತ್ತೆ ಕೊಟ್ಟು ನೋಡಬೇಕು. ಮರಳಿ ಬಂದರೆ ಅಲರ್ಜಿ ಖಚಿತ. ಈ ಎರಡನೆಯ ಹೆಜ್ಜೆಯನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ತಾನಾಗಿ ಕಡಿಮೆಯಾದ ರಿಫ್ಲಕ್ಸ್‌ಗೆ ಅಲರ್ಜಿಯ ಹಣೆಪಟ್ಟಿ ಬಿದ್ದು ವರ್ಷಗಟ್ಟಲೆ ಉಳಿಯುವುದು ಹೀಗೆ.

13. ಕಕ್ಕುವುದೇ ಇಲ್ಲ, ಆದರೆ ವಿಪರೀತ ಅಳು. ಇದು "ಸೈಲೆಂಟ್ ರಿಫ್ಲಕ್ಸ್" ಇರಬಹುದೇ?

ಅಳು ಒಂದನ್ನೇ ನೋಡಿ ಹಾಗೆ ಹೇಳಲಾಗದು. ಆರೋಗ್ಯವಾಗಿರುವ ಕೂಸೂ ಆರನೆಯ ವಾರದ ಹೊತ್ತಿಗೆ ದಿನಕ್ಕೆ ಎರಡು ಮೂರು ಗಂಟೆ ಅಳುತ್ತದೆ. ಮೂರು ನಾಲ್ಕು ತಿಂಗಳಿಗೆ ಅದು ತಾನೇ ಇಳಿಯುತ್ತದೆ. ಆ ಇಳಿಕೆಯ ಹೊತ್ತಿಗೆ ಕೊಟ್ಟ ಯಾವ ಔಷಧವೂ "ಕೆಲಸ ಮಾಡಿತು" ಅನ್ನಿಸುತ್ತದೆ. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕುಡಿದ ಮೇಲೆ ಅಳುವ 162 ಶಿಶುಗಳಲ್ಲಿ ಅರ್ಧಕ್ಕೆ ಆಮ್ಲ ಇಳಿಸುವ ಲ್ಯಾನ್ಸೊಪ್ರಜೋಲ್, ಇನ್ನರ್ಧಕ್ಕೆ ಔಷಧವಿಲ್ಲದ ಹುಸಿಮದ್ದು ಕೊಟ್ಟರು. ಎರಡೂ ಗುಂಪಿನಲ್ಲಿ ಸುಧಾರಿಸಿದ್ದು ಶೇ. 54. ಗಂಭೀರ ತೊಂದರೆಗಳು ಔಷಧ ಪಡೆದವರಲ್ಲೇ ಹೆಚ್ಚು.

ಕುಡಿಯಲು ಶುರುಮಾಡಿ ಒಂದೆರಡು ನಿಮಿಷದಲ್ಲೇ ಕಿರುಚಿ ಬೆನ್ನು ಬಿಲ್ಲಾಗಿಸುತ್ತದೆ, ಹಸಿವಿದ್ದರೂ ಬಾಟಲಿ ಕಂಡರೆ ಹೆದರುತ್ತದೆ, ತೂಕ ನಿಂತಿದೆ: ಹೀಗಿದ್ದರೆ ಮಾತ್ರ ಅನುಮಾನಕ್ಕೆ ಬಲ ಬರುತ್ತದೆ.

14. ಬೆನ್ನು ಬಿಲ್ಲಾಗಿಸಿ ಕುತ್ತಿಗೆ ತಿರುಚುತ್ತದೆ. ಸೆಳವೇ?

ಹಾಲಿನ ಆಸುಪಾಸಿನಲ್ಲೇ ಆಗುತ್ತಿದ್ದರೆ ರಿಫ್ಲಕ್ಸ್ ಇರಬಹುದು. ಇದಕ್ಕೆ ಸ್ಯಾಂಡಿಫರ್ ಸಿಂಡ್ರೋಮ್ ಎಂಬ ಹೆಸರಿದೆ. ನಿದ್ದೆಯಿಂದ ಏಳುವಾಗ ಸಾಲಾಗಿ, ಕೆಲವು ಸೆಕೆಂಡಿಗೊಮ್ಮೆ ಕೈಕಾಲು ಜಗ್ಗಿದಂತೆ, ತಲೆ ಬಾಗಿದಂತೆ ಆಗುತ್ತಿದ್ದರೆ ಅದು ಶಿಶುಗಳ ಒಂದು ಬಗೆಯ ಅಪಸ್ಮಾರ ಆಗಿರಬಹುದು. ತಡ ಮಾಡುವಂತಿಲ್ಲ. ವಿಡಿಯೊ ಮಾಡಿಕೊಂಡು ಅದೇ ದಿನ ತೋರಿಸಿ.

15. ಗ್ರೈಪ್ ವಾಟರ್, ಅಡುಗೆ ಸೋಡಾ, ಜೇನು?

ಮೂರೂ ಬೇಡ. ಸೋಡಾದಿಂದ ರಕ್ತದ ಕ್ಷಾರಾಂಶ ಅಪಾಯದ ಮಟ್ಟಕ್ಕೆ ಏರಬಹುದು. ಜೇನಿನಿಂದ ವರ್ಷದೊಳಗಿನ ಕೂಸಿಗೆ ಬಾಟ್ಯುಲಿಸಂ (ಸ್ನಾಯುಗಳ ಶಕ್ತಿ ಕಳೆಯುವ ವಿಷಬಾಧೆ) ಬರಬಹುದು.

16. ಔಷಧ ಯಾವಾಗ, ಯಾವುದು, ಎಷ್ಟು ದಿನ?

ಮೊದಲು ಒಂದು ಮಾತು: ಆಮ್ಲ ಇಳಿಸುವ ಔಷಧ ಕಕ್ಕುವುದನ್ನು ನಿಲ್ಲಿಸುವುದಿಲ್ಲ. ಏರುವ ಹಾಲು ಏರುತ್ತಲೇ ಇರುತ್ತದೆ, ಅದರ ಹುಳಿ ಮಾತ್ರ ಕಡಿಮೆಯಾಗುತ್ತದೆ. ಹಾಗಾಗಿ ಸುಖವಾಗಿ ಕಕ್ಕುವ ಕೂಸಿಗೆ ಇದರಿಂದ ಏನೂ ಸಿಗದು.

ಆಲ್ಜಿನೇಟ್ ಪುಡಿಗಳು ಹಾಲಿನ ಜೊತೆ ಸೇರಿ ಜಠರದಲ್ಲಿ ಜೆಲ್ಲಿಯಂತಾಗುತ್ತವೆ. ಒಂದೆರಡು ವಾರ ಪ್ರಯೋಗ ಮಾಡಿ ನಿಲ್ಲಿಸಿ ನೋಡುವುದು ಕ್ರಮ. ಗಟ್ಟಿ ಮಾಡಿದ ಹಾಲಿನ ಜೊತೆ ಕೊಡಬಾರದು, ಜಠರದಲ್ಲಿ ಮುದ್ದೆಗಟ್ಟುತ್ತದೆ. ಸೋಡಿಯಂ ಇರುವುದರಿಂದ ಜ್ವರ, ಭೇದಿ ಇರುವಾಗ ಬೇಡ.

ಒಮೆಪ್ರಜೋಲ್, ಇಸೊಮೆಪ್ರಜೋಲ್ ಬಗೆಯ ಪಿಪಿಐಗಳು (ಜಠರ ಆಮ್ಲ ಸುರಿಸುವುದನ್ನೇ ತಗ್ಗಿಸುವ ಔಷಧಗಳು) ಅನ್ನನಾಳ ಗಾಯವಾಗಿರುವ ಅಥವಾ ಜಿಇಆರ್‌ಡಿ ಬಲವಾಗಿ ಕಾಣುವ ಮಕ್ಕಳಿಗೆ, ನಾಲ್ಕರಿಂದ ಎಂಟು ವಾರಕ್ಕೆ. ಪ್ರಮಾಣ ತೂಕದ ಲೆಕ್ಕದಲ್ಲಿ ಇರುವುದರಿಂದ ಎರಡು ತಿಂಗಳ ಹಿಂದಿನ ಚೀಟಿ ಈಗ ಹೊಂದುವುದಿಲ್ಲ. ದಿನದ ಮೊದಲ ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡಬೇಕು. ಕ್ಯಾಪ್ಸೂಲಿನೊಳಗಿನ ಕಾಳುಗಳನ್ನು ಪುಡಿ ಮಾಡಬಾರದು, ಹಾಲಿನಲ್ಲೂ ಬೆರೆಸಬಾರದು. ಅವುಗಳ ಹೊದಿಕೆ ಆಮ್ಲದಲ್ಲಿ ಉಳಿದು ಆಮ್ಲ ಇಲ್ಲದ ಕಡೆ ಕರಗುವಂಥದ್ದು. ಹಾಲಿನಲ್ಲೇ ಕರಗಿದರೆ ಔಷಧ ಜಠರದಲ್ಲಿ ಹಾಳಾಗುತ್ತದೆ. ಗಟ್ಟಿ ಆಹಾರ ತಿನ್ನುವ ಮಗುವಿಗೆ ಒಂದು ಚಮಚ ಸೇಬಿನ ತಿರುಳಿನಲ್ಲಿ ಕೊಡಬಹುದು. ಎಳೆಗೂಸಿಗೆ ದ್ರವರೂಪದ್ದನ್ನು ಕೇಳಿ ಪಡೆಯಿರಿ.

ಜಠರದ ಆಮ್ಲ ಇರುವುದು ರೋಗಾಣುಗಳನ್ನು ಕೊಲ್ಲಲೂ ಹೌದು. ಅದನ್ನು ಇಳಿಸಿದ ಮಕ್ಕಳಲ್ಲಿ ಭೇದಿ, ನ್ಯುಮೋನಿಯಾ ಹೆಚ್ಚು ಕಂಡುಬಂದಿವೆ, ದೀರ್ಘ ಬಳಕೆಯಲ್ಲಿ ಮೂಳೆ ಮುರಿತವೂ. ಆಮ್ಲ ಇಳಿಸುವ ಇನ್ನೊಂದು ಬಗೆಯ ಔಷಧ ಫ್ಯಾಮೊಟಿಡಿನ್ ಬೇಗ ಕೆಲಸ ಮಾಡುತ್ತದೆ, ಆದರೆ ಕೆಲವು ವಾರಗಳಲ್ಲಿ ದೇಹ ಒಗ್ಗಿಕೊಂಡು ಪರಿಣಾಮ ಕುಗ್ಗುತ್ತದೆ. ಹಳೆಯ ಚೀಟಿಯಲ್ಲಿ ಅದೇ ಬಗೆಯ ರಾನಿಟಿಡಿನ್ ಇದ್ದರೆ ವೈದ್ಯರಿಗೆ ತೋರಿಸಿ. ಎನ್‌ಡಿಎಂಎ ಎಂಬ ಕಲ್ಮಶದ ಕಾರಣ 2020ರಲ್ಲಿ ಅಮೆರಿಕ ಅದನ್ನು ಮಾರುಕಟ್ಟೆಯಿಂದ ತೆಗೆಸಿತು. ಜಠರ ಬೇಗ ಖಾಲಿಯಾಗಲೆಂದು ಕೊಡುವ ಔಷಧಗಳಲ್ಲಿ ಡೊಂಪೆರಿಡೋನ್ ಹೃದಯದ ಲಯ ಕೆಡಿಸಬಹುದು, ಮೆಟೊಕ್ಲೊಪ್ರಮೈಡ್‌ನಿಂದ ಕುತ್ತಿಗೆ, ಕಣ್ಣು ಸೆಳೆದುಕೊಳ್ಳಬಹುದು. ಇವೆರಡನ್ನು ಮಾಮೂಲಿ ರಿಫ್ಲಕ್ಸ್‌ಗೆ ಕೊಡುವುದನ್ನು ನಾವು ಒಪ್ಪುವುದಿಲ್ಲ.

17. ಸ್ಕ್ಯಾನ್, ಎಂಡೊಸ್ಕೊಪಿ ಮಾಡಿಸಬೇಕೇ?

ಸಾಮಾನ್ಯವಾಗಿ ಬೇಡ. ತೂಕದ ಗೆರೆ ಮತ್ತು ನಿಮ್ಮ ಮಾತು ಸಾಕು. ಬೇರಿಯಂ ಕುಡಿಸಿ ತೆಗೆಯುವ ಎಕ್ಸ್-ರೇ ಕರುಳಿನ ತಿರುಚು, ಅನ್ನನಾಳದ ಕಿರಿದು ಇವೆಯೇ ಎಂದು ನೋಡಲು. ಅದರಲ್ಲಿ "ರಿಫ್ಲಕ್ಸ್ ಕಂಡಿತು" ಎಂದು ಬಂದರೆ ಹೊಸದೇನೂ ತಿಳಿದಂತಾಗಲಿಲ್ಲ. ಮೂಗಿನಿಂದ ತೆಳ್ಳನೆಯ ತಂತಿ ಇಳಿಸಿ 24 ಗಂಟೆ ಅಳೆಯುವ ಪಿಎಚ್-ಇಂಪಿಡೆನ್ಸ್ ಪರೀಕ್ಷೆ, ಕೆಮ್ಮು ಅಥವಾ ಅಳು ರಿಫ್ಲಕ್ಸ್ ಆದ ಹೊತ್ತಿಗೇ ಬರುತ್ತದೆಯೇ ಎಂದು ಹೇಳುತ್ತದೆ. ಗಾಯವನ್ನು ಕಣ್ಣಾರೆ ನೋಡಬೇಕಾದರೆ ಎಂಡೊಸ್ಕೊಪಿ.

18. ಕಕ್ಕುವಾಗ ಉಸಿರು ಕಟ್ಟಿದಂತಾದರೆ?

ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ ಮಗ್ಗುಲಿಗೆ ತಿರುಗಿಸಿ ಬಾಯಿಯಿಂದ ಹರಿಯಲು ಬಿಡಿ, ಕಾಣುವುದನ್ನಷ್ಟೇ ಒರೆಸಿ. ಗಂಟಲೊಳಗೆ ಬೆರಳು ಹಾಕಿ ತಡಕಾಡಬೇಡಿ. ಕಾಲು ಹಿಡಿದು ತಲೆಕೆಳಗು ಮಾಡುವುದು, ಅಲುಗಾಡಿಸುವುದು ಎರಡೂ ಅಪಾಯ.

ಸದ್ದೇ ಬಾರದಿದ್ದರೆ, ಬಣ್ಣ ನೀಲಿಗೆ ತಿರುಗುತ್ತಿದ್ದರೆ, ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ಬೋರಲು ಹಾಕಿ, ತಲೆ ಎದೆಗಿಂತ ಕೆಳಗಿರುವಂತೆ ಗಲ್ಲಕ್ಕೆ ಆಸರೆ ಕೊಟ್ಟು, ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ 5 ಏಟು. ಹೋಗದಿದ್ದರೆ ಅಂಗಾತ ತಿರುಗಿಸಿ ಎದೆಮೂಳೆಯ ಕೆಳಭಾಗದಲ್ಲಿ 5 ಒತ್ತು. ಹೀಗೇ ಮುಂದುವರಿಸುತ್ತ ತುರ್ತು ವಾಹನ ಕರೆಸಿ. ಪ್ರಜ್ಞೆ ತಪ್ಪಿದರೆ ಸಿಪಿಆರ್ (ಎದೆ ಒತ್ತಿ, ಬಾಯಿಯಿಂದ ಉಸಿರು ಕೊಡುವುದು). ತಾನಾಗಿ ಸರಿಹೋದರೂ, ಉಸಿರು ನಿಂತಿದ್ದು ಅಥವಾ ನೀಲಿಯಾದದ್ದು ನಿಜವಾದರೆ ಅದೇ ದಿನ ವೈದ್ಯರು ನೋಡಬೇಕು.

19. ಬೇಗ ಗಟ್ಟಿ ಆಹಾರ ಶುರುಮಾಡಿದರೆ ನಿಲ್ಲುತ್ತದೆಯೇ?

ರಿಫ್ಲಕ್ಸ್‌ಗೋಸ್ಕರ ಬೇಗ ಶುರುಮಾಡಬೇಡಿ. ಆರು ತಿಂಗಳ ಸುಮಾರಿಗೆ, ತಲೆ ನಿಂತು ಆಸರೆಯಿಂದ ಕೂರುವಂತಾದಾಗ. ಆಗ ಕಕ್ಕುವುದು ಕಡಿಮೆಯಾಗುವುದು ಆಹಾರ ಗಟ್ಟಿಯಾದದ್ದಕ್ಕೆ, ಜೊತೆಗೆ ಮಗು ಹೆಚ್ಚು ಹೊತ್ತು ಕೂತಿರುವುದಕ್ಕೆ.

20. ಎರಡು ವರ್ಷದ ಮೇಲಿನ ಮಕ್ಕಳಲ್ಲಿ ಇದು ಹೇಗೆ ಕಾಣುತ್ತದೆ?

ಚಿಕ್ಕವರು "ಎದೆಯುರಿ" ಎನ್ನುವುದಿಲ್ಲ, "ಹೊಟ್ಟೆನೋವು" ಎಂದು ಎದೆಯ ಕೆಳಗೆ ಕೈ ಇಡುತ್ತಾರೆ. ಬಾಯಿಗೆ ಹುಳಿ ಬಂದು ನುಂಗುವುದು, ಊಟದ ನಡುವೆ ನಿಲ್ಲಿಸುವುದು, ಮೇಲಿನ ಹಲ್ಲುಗಳ ಒಳಬದಿ ಸವೆಯುವುದು ಇತರ ಸುಳಿವುಗಳು. ಬರೀ ಕೆಮ್ಮು ಅಥವಾ ಉಬ್ಬಸ ಇದ್ದು ಇವು ಯಾವುವೂ ಇಲ್ಲದಿದ್ದರೆ ಆಮ್ಲದ ಔಷಧ ಕೊಡಬಾರದು, ಕೆಮ್ಮಿನ ಕಾರಣವನ್ನೇ ಹುಡುಕಬೇಕು.

ಮಲಗುವ ಎರಡು ಮೂರು ಗಂಟೆ ಮೊದಲು ಊಟ ಮುಗಿಸಿ, ತೂಕ ಹೆಚ್ಚಿದ್ದರೆ ಇಳಿಸಿ, ಮನೆಯೊಳಗೆ ಧೂಮಪಾನ ನಿಲ್ಲಿಸಿ. ಚಾಕೊಲೇಟ್, ಹುಳಿ ಪಾನೀಯ, ಕರಿದ ತಿಂಡಿ ಎಲ್ಲ ಮಕ್ಕಳಿಗೂ ಆಗದೆಂದಿಲ್ಲ. ತಿಂದಾಗ ಹೆಚ್ಚುತ್ತದೆ ಎಂದು ಕಂಡದ್ದನ್ನಷ್ಟೇ ಬಿಡಿಸಿ. ದೊಡ್ಡ ಮಕ್ಕಳಿಗೆ ಮಂಚದ ತಲೆಯ ಕಾಲುಗಳ ಕೆಳಗೆ 15ರಿಂದ 20 ಸೆಂ.ಮೀ. ದಿಮ್ಮಿ ಇಡಬಹುದು. ದಿಂಬು ಪೇರಿಸಿದರೆ ಹೊಟ್ಟೆ ಮಡಚುತ್ತದೆ, ಅದರಿಂದ ಉಪಯೋಗವಿಲ್ಲ.

ಎರಡು ವಿಷಯ ರಿಫ್ಲಕ್ಸ್ ಎಂದು ತಪ್ಪಾಗಿ ಹೋಗುತ್ತವೆ. ಪ್ರತಿ ತುತ್ತಿಗೂ ನೀರು ಕುಡಿಯುವ, ಬಹಳ ಹೊತ್ತು ಅಗಿಯುವ, ಗಟ್ಟಿ ಆಹಾರ ಎದೆಯಲ್ಲಿ ಸಿಕ್ಕಿಕೊಳ್ಳುವ ಮಗುವಿಗೆ ಅನ್ನನಾಳದ ಅಲರ್ಜಿಯುರಿತ ಇರಬಹುದು. ಇದು ಎಂಡೊಸ್ಕೊಪಿಯಲ್ಲಿ ತೆಗೆದ ಒಳಪದರದ ಚಿಕ್ಕ ತುಣುಕನ್ನು ಪರೀಕ್ಷಿಸಿದಾಗಲೇ ತಿಳಿಯುವುದು. ಇನ್ನೊಂದು ಭಯಂಕರ: ನಿನ್ನೆಯವರೆಗೆ ಚೆನ್ನಾಗಿದ್ದ ಪುಟ್ಟ ಮಗು ಇದ್ದಕ್ಕಿದ್ದಂತೆ ಜೊಲ್ಲು ಸುರಿಸುತ್ತ ಊಟ ಬೇಡವೆಂದರೆ ಗುಂಡಿಯಾಕಾರದ ಬ್ಯಾಟರಿ ನುಂಗಿರಬಹುದು. ಎರಡೇ ಗಂಟೆಯಲ್ಲಿ ಅದು ಅನ್ನನಾಳವನ್ನು ಸುಡಬಲ್ಲದು. ಮನೆಯ ರಿಮೋಟು, ಆಟಿಕೆ ನೋಡುತ್ತ ಸಮಯ ಕಳೆಯದೆ ಎಕ್ಸ್-ರೇ ಇರುವ ಆಸ್ಪತ್ರೆಗೆ ಹೋಗಿ.

21. ಯಾವ ಮಕ್ಕಳಲ್ಲಿ ರಿಫ್ಲಕ್ಸ್ ತಾನಾಗಿ ಹೋಗದೇ ಉಳಿಯಬಹುದು? ಶಸ್ತ್ರಚಿಕಿತ್ಸೆ ಬೇಕಾಗುವುದು ಯಾರಿಗೆ?

ಸೆರೆಬ್ರಲ್ ಪಾಲ್ಸಿಯಂಥ ನರ ತೊಂದರೆ ಇರುವವರು, ಹುಟ್ಟುವಾಗಲೇ ಅನ್ನನಾಳ ಕೂಡಿರದೆ ಆಪರೇಷನ್ ಆದವರು, ಹಯೇಟಸ್ ಹರ್ನಿಯಾ (ಜಠರದ ಮೇಲ್ಭಾಗ ಎದೆಯೊಳಗೆ ಸರಿದಿರುವುದು), ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶ, ಕರುಳಿನ ಲೋಳೆ ಅಂಟಾಗುವ ಹುಟ್ಟುಕಾಯಿಲೆ) ಇರುವವರು. ಇವರಲ್ಲಿ ಔಷಧಕ್ಕೆ ಬಗ್ಗದಿದ್ದರೆ, ಹಾಲು ಮತ್ತೆ ಮತ್ತೆ ಶ್ವಾಸಕೋಶ ಸೇರುತ್ತಿದ್ದರೆ, ಜಠರದ ಮೇಲ್ಭಾಗವನ್ನು ಅನ್ನನಾಳದ ಬುಡಕ್ಕೆ ಸುತ್ತಿ ಹೊಲಿಯುವ ಫಂಡೊಪ್ಲಿಕೇಷನ್ ಮಾಡುತ್ತಾರೆ. ಹೊಲಿದ ಮೇಲೆ ಮಗುವಿಗೆ ತೇಗಲು, ವಾಂತಿ ಮಾಡಲು ಕಷ್ಟವಾಗುತ್ತದೆ. ಹೊಟ್ಟೆ ಉಬ್ಬಿ, ಬರಿದೇ ಓಕರಿಸುತ್ತಿದ್ದರೆ ಮನೆಯಲ್ಲಿ ಕಾಯಬಾರದು.

22. ವೈದ್ಯರ ಬಳಿ ಹೋಗುವಾಗ ಏನು ಒಯ್ಯಬೇಕು?

ಹುಟ್ಟಿದಾಗಿನಿಂದ ಬರೆದ ತೂಕಗಳು. ಮೂರು ದಿನದ ಪಟ್ಟಿ: ಎಷ್ಟು ಹೊತ್ತಿಗೆ ಎಷ್ಟು ಮಿ.ಲೀ. ಅಥವಾ ಎಷ್ಟು ನಿಮಿಷ, ಎಷ್ಟು ಹೊತ್ತಿನ ಮೇಲೆ ಕಕ್ಕಿತು, ಚಮಚದಷ್ಟೋ ಬಟ್ಟಲಿನಷ್ಟೋ, ಬಣ್ಣ ಯಾವುದು, ಅಳು ಯಾವಾಗ. ಫಾರ್ಮುಲಾ ಡಬ್ಬಿ ಮತ್ತು ಅದರ ಚಮಚ. ಒಂದು ಸಲ ಕುಡಿಯುವುದರ ವಿಡಿಯೊ, ಶುರುವಿನಿಂದ ಕೊನೆಯವರೆಗೆ. ಎಷ್ಟೋ ಸಲ ರಿಫ್ಲಕ್ಸ್‌ನ ಕಾರಣ ಆ ವಿಡಿಯೊದ ಮೊದಲ ನಿಮಿಷದಲ್ಲೇ, ಬಾಟಲಿ ಹಿಡಿದ ಕೋನದಲ್ಲಿ ಕಂಡುಬಿಡುತ್ತದೆ.